ಭಾಗೀರಥಮ್ಮನ ಗೆರೆಯನ್ನು ಎಳೆಗೌರಿ ನೆಟ್ಟಗೆ ತೋರಿದ ಕಥೆ

ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿರಿ. ಎಲ್ಲರೂ ಬಲಗೈಯಲ್ಲಿ ಅಕ್ಷತೆ ಹಿಡಿದುಕೊಳ್ಳಿರಿ. ಗಟ್ಟಿಯಾಗಿ ಹಿಸುಕಬೇಡಿರಿ, ಅರಿಶಿನ ಕೈಗೆಲ್ಲಾ ಮೆತ್ತಿಕೊಳ್ಳುತ್ತದೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದವರು, ಸೂಜಿ ಚುಚ್ಚಿಕೊಳ್ಳಬೇಕಾದವರು ಯಾರಾದರೂ ಇದ್ದರೆ, ನಾಚಿಕೊಳ್ಳದೆ ಎದ್ದು ಹೋಗಿ ಮುಗಿಸಿಕೊಂಡು ಬನ್ನಿರಿ. ಕಥೆ ಕಾಯುತ್ತದೆ. ಬೇರೆ ಕಥೆಗಳ ನಡುವೆ ಏಳಬಾರದು ಎನ್ನುತ್ತಾರೆ, ಈ ಕಥೆಯ ನಡುವೆ ಏಳಬಹುದು. ಏಕೆಂಬುದು ಕೇಳುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ತಾವರೆಕಟ್ಟೆ ಎಂಬ ಊರಿನ ಕೋಟೆಬೀದಿಯಲ್ಲಿ ಶ್ರೀಕಂಠಯ್ಯನೆಂಬ ಗೃಹಸ್ಥನು ಅರಿಶಿನ, ಕುಂಕುಮ, ಕರ್ಪೂರ, ರಂಗೋಲಿ ಪುಡಿಗಳ ಅಂಗಡಿಯನ್ನಿಟ್ಟುಕೊಂಡು, ಭಾಗೀರಥಮ್ಮನೆಂಬ ಹೆಂಡತಿಯೊಡನೆಯೂ ಮಗಸೊಸೆಯರೊಡನೆಯೂ ಸುಖವಾಗಿದ್ದನು. ಆ ಭಾಗೀರಥಮ್ಮನು ಬಿಡದೆ ವ್ರತಗಳನ್ನು ಮಾಡುವವಳು. ಸೋಮವಾರವೆಂದರೆ ಸೋಮವಾರದ್ದು, ಮಂಗಳವಾರವೆಂದರೆ ಮಂಗಳವಾರದ್ದು, ಶುಕ್ರವಾರವನ್ನಂತೂ ಕೇಳುವುದೇ ಬೇಡ. ಅದಕ್ಕಿಂತ ಹೆಚ್ಚಿನ ಹೆಸರು ಆಕೆಯ ಎಳೆಗೆ. ಎಳೆ ಎಂದರೆ, ಹೆಬ್ಬೆರಳು ತೋರುಬೆರಳುಗಳ ನಡುವೆ ರಂಗೋಲಿ ಪುಡಿಯನ್ನು ಹಿಡಿದು, ಬೆರಳನ್ನು ನೆಲಕ್ಕೆ ತಾಗಿಸದೆ, ನಡುವೆ ಎಲ್ಲಿಯೂ ನಿಲ್ಲಿಸದೆ ಬಿಡುವ ಗೆರೆ. ದೇವರಮನೆಯ ಕೆಂಪು ಗಾರೆ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಭಾಗೀರಥಮ್ಮನು ಎಳೆ ಬಿಟ್ಟಳೆಂದರೆ, ಬಡಗಿಯು ಹಲಗೆಗೆ ದಾರ ಹೊಡೆದಂತೆ ನೆಟ್ಟಗಿರುತ್ತಿತ್ತು. ಬೀದಿಯ ಹೆಂಗಸರು ಅದನ್ನು ನೋಡುವುದಕ್ಕೆಂದೇ ಅರಿಶಿನ ಕುಂಕುಮಕ್ಕೆ ಬರುತ್ತಿದ್ದರು. ಇದರಿಂದ ಆಕೆಗೆ ಸ್ವಲ್ಪ ಹೆಮ್ಮೆಯೂ ಬಂದಿತ್ತು. ಸ್ವಲ್ಪ ಎಂದು ಹೇಳುವುದು ನಮ್ಮ ಸೌಜನ್ಯ, ಸಾಕಷ್ಟೇ ಬಂದಿತ್ತು.

ಹೀಗಿರಲು ಆಕೆಗೆ ಸಕ್ಕರೆ ಕಾಯಿಲೆಯಿತ್ತು. ಅದರಲ್ಲಿಯೂ ಹೇಳಿದ ಮಾತು ಕೇಳುವ ಬಗೆಯದಲ್ಲ. ನಿನ್ನೆ ತಿಂದಷ್ಟೇ ಇಂದೂ ತಿಂದು, ನಿನ್ನೆ ನಡೆದಷ್ಟೇ ಇಂದೂ ನಡೆದು, ಇನ್ಸುಲಿನ್ನನ್ನೂ ಅಷ್ಟೇ ಚುಚ್ಚಿಕೊಂಡರೂ, ನಿನ್ನೆ ತಗ್ಗಿ ಕುಳಿತಿದ್ದ ಸಕ್ಕರೆ ಇಂದು ಅಟ್ಟ ಹತ್ತಿರುತ್ತಿತ್ತು. ನಾಳೆ ಇದ್ದಕ್ಕಿದ್ದಂತೆ ಇಳಿದು, ಮೈ ಬೆವರಿಸಿ ಕೈ ನಡುಗಿಸುತ್ತಿತ್ತು. ಆದಕಾರಣ ದಿನವೂ ಬೆರಳು ಚುಚ್ಚಿ ಹನಿ ರಕ್ತವನ್ನು ಮೀಟರಿಗೆ ತೋರಿಸಬೇಕೆಂದೂ, ಹೊಟ್ಟೆ ಖಾಲಿ ಬಿಡಬಾರದೆಂದೂ, ವರ್ಷಕ್ಕೊಮ್ಮೆ ತಪ್ಪದೆ ಕಣ್ಣಿನ ಪರೀಕ್ಷೆ ಮಾಡಿಸಬೇಕೆಂದೂ ವೈದ್ಯರು ಹೇಳಿದ್ದರು. ಭಾಗೀರಥಮ್ಮನು ತಲೆಯಾಡಿಸಿ ಬಂದಿದ್ದಳು.

ಆದರೆ ವ್ರತದ ದಿನ ರಕ್ತ ಕಂಡರೆ ಮೈಲಿಗೆ ಎಂಬುದು ಆಕೆಯ ಎಣಿಕೆ. ಮಡಿಯುಟ್ಟ ಮೇಲೆ ಬೆರಳು ಚುಚ್ಚುವಂತಿಲ್ಲ, ಕಂಡಕಂಡದ್ದನ್ನೆಲ್ಲಾ ಇಡುವ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆಯುವಂತಿಲ್ಲ. ಇಡೀ ದಿನ ಉಪವಾಸ. ಸಂಜೆ ಪೂಜೆ ಮುಗಿದೊಡನೆ, ಪ್ರಸಾದವನ್ನು ಬೇಡವೆನ್ನಬಾರದೆಂದು, ಒಬ್ಬಟ್ಟು, ಸಜ್ಜಿಗೆ, ಚಿಗುಳಿ ಯಾವುದನ್ನೂ ಬೇಡವೆನ್ನುತ್ತಿರಲಿಲ್ಲ. ಶ್ರಾವಣ ಬಂತೆಂದರೆ ವ್ರತವಿಲ್ಲದ ದಿನವನ್ನು ಹುಡುಕಬೇಕಷ್ಟೆ. ಸೊಸೆ ಮಂಜರಿಯು ಮಡಿಗೆ ತಾಗದಂತೆ ಬಾಗಿಲಾಚೆ ನಿಂತು ಬೇಡಿಕೊಳ್ಳುತ್ತಿದ್ದಳು.

“ಅತ್ತೆ, ಒಂದೇ ಒಂದು ಹನಿ ರಕ್ತ. ಇರುವೆ ಕಚ್ಚಿದ ಹಾಗೆ.”

“ಒಂದು ಹನಿಯಾದರೇನು, ಒಂದು ಕೊಡವಾದರೇನು? ರಕ್ತ ಕಂಡ ಮೇಲೆ ಮಡಿ ಎಲ್ಲಿ ಉಳೀತು?”

“ಹೋಗಲಿ, ಉಪವಾಸವನ್ನಾದರೂ ಬಿಡಿ.”

“ನೀನು ನನಗೆ ವ್ರತ ಹೇಳಿಕೊಡೋಕೆ ಬಂದ್ಯಾ? ಮೊದಲು ನಿನ್ನ ಸೆರಗು ನೆಟ್ಟಗೆ ಸಿಕ್ಕಿಸ್ಕೋ ಹೋಗು.”

ಇಷ್ಟು ಗಟ್ಟಿಯಾಗಿ ಮಾತನಾಡುವ ಭಾಗೀರಥಮ್ಮನ ಮನಸ್ಸಿನ ತಳದಲ್ಲಿ ಯಾರಿಗೂ ಹೇಳದ ಒಂದು ಭಯವಿತ್ತು. ಆಕೆಯ ತಾಯಿಗೂ ಇದೇ ಕಾಯಿಲೆಯಿದ್ದು, ಕೊನೆಗೆ ಕಣ್ಣು ಹೋಗಿ, ದೀಪ ಉರಿಯುತ್ತಿದೆಯೇ ಆರಿದೆಯೇ ಎಂಬುದನ್ನು ಅಂಗೈ ಹತ್ತಿರ ಹಿಡಿದು, ಕಾವಿನಿಂದ ತಿಳಿಯಬೇಕಾಗಿತ್ತು. ಕಣ್ಣಿನ ಪರೀಕ್ಷೆಗೆ ಹೋದರೆ ಅದೇ ಮಾತನ್ನು ತನಗೂ ಹೇಳಿಬಿಟ್ಟಾರೆಂದು ಈಕೆ ವರ್ಷ ವರ್ಷವೂ ಮುಂದೂಡುತ್ತಿದ್ದಳು. ಭಯಪಟ್ಟವರು ಜೋರಾಗಿ ಮಾತನಾಡುವುದುಂಟು. ಇದನ್ನು ಇಲ್ಲಿ ಹೇಳದಿದ್ದರೆ ಆಕೆಯನ್ನು ಬರಿಯ ಹಟಮಾರಿ ಎಂದುಕೊಂಡೀರಿ, ಅದಕ್ಕಾಗಿ ಹೇಳಿದೆ.

ಹೀಗಿರುತ್ತಿರಲು ಶ್ರಾವಣ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಭಾಗೀರಥಮ್ಮನು ಎಂದಿನಂತೆ ಎಳೆ ಬಿಟ್ಟು, ಎದ್ದು ನಿಂತು ನೋಡುತ್ತಾಳೆ, ಗೆರೆ ನಡುವೆ ಬಳುಕಿದೆ! ಅಳಿಸಿ ಮತ್ತೆ ಬಿಟ್ಟಳು. ಮತ್ತೆಯೂ ಅಲ್ಲಿಯೇ ಬಳುಕಿತು. ನೆಲ ಕುಸಿದಿದೆಯೆಂದು ಗಾರೆಯವನನ್ನು ಬೈದಳು. ಸರಿಯಾಗಿ ಗುಡಿಸಿಲ್ಲವೆಂದು ಮಂಜರಿಯನ್ನು ಬೈದಳು. ಕೊನೆಗೆ ಪುಡಿಯೇ ಕೆಟ್ಟದ್ದೆಂದು ನಿಶ್ಚಯಿಸಿ, ಅಂಗಡಿಗೆ ಹೊರಟಿದ್ದ ಗಂಡನನ್ನು ಕೂಗಿದಳು.

“ರೀ, ಇಲ್ಲಿ ಬಂದು ನೋಡಿ. ಏನು ಪುಡಿ ಮಾರುತ್ತೀರೋ ಏನೋ! ಗೆರೆ ಸೊಟ್ಟಗಿದೆಯೋ ಇಲ್ಲವೋ?”

ಗೆರೆ ನೆಟ್ಟಗೇ ಇತ್ತು. ಶ್ರೀಕಂಠಯ್ಯನು ಗೆರೆಯನ್ನು ನೋಡಿ, ಆಮೇಲೆ ಹೆಂಡತಿಯ ಮುಖವನ್ನು ನೋಡಿ, ಆ ಮುಖಕ್ಕೆ ಎದುರಾಡುವುದು ಮನೆಯ ಶಾಂತಿಗೆ ಒಳ್ಳೆಯದಲ್ಲವೆಂದು ತಿಳಿದು, “ಒಂಚೂರು ಸೊಟ್ಟಗಿರೋ ಹಾಗಿದೆ ಕಣೇ. ಪುಡಿ ಬದಲಾಯಿಸ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದನು. ಆಮೇಲೆ ಭಾಗೀರಥಮ್ಮನು ಬೀದಿಯ ಹೆಂಗಸರನ್ನು ಕರೆದು ತೋರಿಸಿದಳು. ಅವರೂ ನೋಡಿ, ಹಿರಿಯಳ ಮಾತಿಗೆ ಇಲ್ಲವೆನ್ನುವುದು ಹೇಗೆಂದು, “ಹೌದು ಭಾಗೀರಥಮ್ಮನವರೇ, ಒಂದು ಕೂದಲೆಳೆಯಷ್ಟು ಬಾಗಿದೆ” ಎಂದರು. ಮಂಜರಿಯೊಬ್ಬಳು ಮಾತ್ರ, “ಅತ್ತೆ, ಗೆರೆ ನೆಟ್ಟಗಿದೆ. ನಿಮ್ಮ ಕಣ್ಣನ್ನೇ ತೋರಿಸೋಣ” ಎಂದಳು. ಸೊಸೆಯ ಮಾತನ್ನು ಯಾರು ಕೇಳುತ್ತಾರೆ? ಆಕೆಯ ಮೇಲೆ ಗೌರವವಿದ್ದವರೆಲ್ಲಾ ಸುಳ್ಳು ಹೇಳಿದ್ದರಿಂದ ಭಾಗೀರಥಮ್ಮನಿಗೆ ಸಮಾಧಾನವಾಯಿತು, ಕಣ್ಣಿಗೆ ಆಗಬೇಕಾದ ಚಿಕಿತ್ಸೆ ಮಾತ್ರ ಆಗಲಿಲ್ಲ. ಕೇಳುತ್ತಿರುವ ನೀವು ಈ ಮಾತನ್ನು ಚೆನ್ನಾಗಿ ನೆನಪಿಡಬೇಕು.

ಗೌರಿ ಹಬ್ಬ ಬಂದಿತು. ಅಂದು ಭಾಗೀರಥಮ್ಮನು ಬೆರಳು ಚುಚ್ಚದೆ, ಇನ್ಸುಲಿನ್ ಮುಟ್ಟದೆ, ಉಪವಾಸವಿದ್ದು, ಗೌರಿಯನ್ನು ಕೂರಿಸಿ, ಅರಿಶಿನದ ದಾರವನ್ನು ಗೌರಿಯ ಕೈಗೆ ಸುತ್ತಿ ಪೂಜಿಸಿದಳು. ಮಂಟಪದ ಮುಂದಿನ ಎಳೆ ಮಾತ್ರ ಎಷ್ಟು ಬಾರಿ ಬಿಟ್ಟರೂ ಹಾವಿನಂತೆ ಹೊರಳುತ್ತಿತ್ತು. ದಣಿದು ಗೋಡೆಗೊರಗಿ ಕುಳಿತಿರಲು, ನಡುಮಧ್ಯಾಹ್ನದಲ್ಲಿ ಒಬ್ಬ ಮುದಿ ಮುತ್ತೈದೆಯು ಬಾಗಿಲಲ್ಲಿ ನಿಂತು, “ಅರಿಶಿನ ಕುಂಕುಮಕ್ಕೆ ಬಂದೆ ಕಣಮ್ಮಾ” ಎಂದಳು. ಹಳದಿ ಸೀರೆ, ಕೈತುಂಬಾ ಹಸಿರು ಬಳೆ, ಬಾಯಲ್ಲಿ ಎಲೆಯಡಿಕೆ. ಗುರುತಿನವಳಲ್ಲ. ಆದರೂ ಹಬ್ಬದ ದಿನ ಬಂದವಳನ್ನು ಯಾರೆಂದು ಕೇಳಬಾರದೆಂದು ಭಾಗೀರಥಮ್ಮನು ಒಳಗೆ ಕರೆದು ಮಣೆ ಹಾಕಿದಳು.

ಮುದುಕಿಯು ಎಳೆಯನ್ನು ನೋಡಿ, “ಆಹಾ, ಎಂಥಾ ಕೈ! ಎಷ್ಟು ನೆಟ್ಟಗಿದೆ!” ಎಂದಳು.

ಭಾಗೀರಥಮ್ಮನಿಗೆ ರೇಗಿತು. “ಹಬ್ಬದ ದಿನ ಹಾಸ್ಯ ಮಾಡಬೇಡಿ. ಸೊಟ್ಟಗಿದೆ ಅಂತ ಬೀದಿಗೆ ಬೀದಿಯೇ ಹೇಳಿದೆ.”

“ಬೀದಿಗೆ ನಿನ್ನ ಬಾಯಿ ಕಂಡರೆ ಭಯ ಕಣೇ. ನನಗಿಲ್ಲ” ಎಂದು ಮುದುಕಿಯು ಗೌರಿಯ ಕೈಯ ದಾರವನ್ನು ಬಿಚ್ಚಿ, ಒಂದು ತುದಿಯನ್ನು ಭಾಗೀರಥಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಎಳೆಯ ಮೇಲೆಯೇ ಬಿಗಿಯಾಗಿ ಎಳೆದು, “ಈಗ ಹೇಳು. ದಾರ ಹೇಗಿದೆ?” ಎಂದಳು.

ಭಾಗೀರಥಮ್ಮನು ನೋಡಿದಳು. ದಾರವೂ ಬಳುಕಿತ್ತು. ಎಳೆ ಬಳುಕಿದಲ್ಲಿಯೇ ಬಳುಕಿತ್ತು. ಬಿಗಿದು ಹಿಡಿದ ದಾರ ಬಳುಕುವುದಿಲ್ಲವಷ್ಟೆ! ಮುದುಕಿಯು ಎಡಗಣ್ಣು ಮುಚ್ಚಿ ನೋಡೆಂದಳು, ದಾರ ನೆಟ್ಟಗಾಯಿತು. ಬಲಗಣ್ಣು ಮುಚ್ಚಿ ನೋಡೆಂದಳು, ದಾರ ಹಾವಾಯಿತು, ನಡುವೆ ಮಸಿ ಒರೆಸಿದಂತೆ ಒಂದು ಕಲೆಯೂ ಕಂಡಿತು. ಗಾರೆಯವನದು ತಪ್ಪಿಲ್ಲ, ಪುಡಿಯದು ತಪ್ಪಿಲ್ಲ, ಮಂಜರಿಯ ಪೊರಕೆಯದೂ ತಪ್ಪಿಲ್ಲ. ಕೆಟ್ಟಿದ್ದು ತನ್ನ ಎಡಗಣ್ಣು.

“ನಮ್ಮಮ್ಮನ ಹಾಗೆ ನನಗೂ ಕತ್ತಲೆಯೇ ಗತಿಯೇ?” ಎಂದು ಭಾಗೀರಥಮ್ಮನು, ಹಬ್ಬದ ದಿನವೆಂಬುದನ್ನೂ ಮರೆತು, ಅತ್ತುಬಿಟ್ಟಳು.

“ನಿಮ್ಮಮ್ಮನ ಕಾಲದಲ್ಲಿ ಇಲ್ಲದ ಔಷಧ ಈಗಿದೆ. ನಿಮ್ಮಮ್ಮನಿಗೆ ಗೆರೆ ಸೊಟ್ಟ ಕಾಣಿಸಲೇ ಇಲ್ಲ, ಅವಳು ಎಳೆ ಬಿಡುತ್ತಿರಲಿಲ್ಲ. ನಿನ್ನ ರಂಗೋಲಿ ನಿನಗೆ ಮೊದಲೇ ಹೇಳಿದೆ. ಅಳೋದನ್ನ ನಿಲ್ಲಿಸಿ ಕೇಳು” ಎಂದು ಮುದುಕಿಯು ವ್ರತದ ಸರಿಯಾದ ಕ್ರಮವನ್ನು ಹೇಳಿದಳು.

ಆ ಕ್ರಮವೇನೆಂದರೆ: ಮಡಿಯುಟ್ಟು, ದೀಪ ಹಚ್ಚುವ ಮೊದಲು ಬೆರಳು ಚುಚ್ಚಿ ನೋಡಬೇಕು. ಆ ಹನಿ ಮೈಲಿಗೆಯಲ್ಲ, ಅಂದಿನ ಪೂಜೆಯ ಮೊದಲ ಕುಂಕುಮ. ಇನ್ಸುಲಿನ್ನನ್ನು ವೈದ್ಯರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಚುಚ್ಚಿಕೊಳ್ಳಬೇಕು. ಅವರನ್ನು ಕೇಳದೆ ಉಪವಾಸ ಮಾಡಬಾರದು. ನೈವೇದ್ಯಕ್ಕೆ ಹೆಸರುಬೇಳೆಯ ಕೋಸಂಬರಿ, ಕಡಲೆಕಾಳಿನ ಉಸಲಿ ಸಾಕು. ಗೌರಿಗೆ ಒಬ್ಬಟ್ಟೇ ಬೇಕೆಂದು ಯಾರು ಹೇಳಿದರು? ಸಿಹಿ ಪ್ರಸಾದ ಬಂದರೆ ಎರಡು ಕಣ್ಣಿಗೂ ಒತ್ತಿಕೊಂಡು ಪಕ್ಕದವರಿಗೆ ಕೊಡಬೇಕು, ಕಣ್ಣಿಗೊತ್ತಿಕೊಂಡದ್ದೇ ತಿಂದಂತೆ. ಆದರೆ ಸಕ್ಕರೆ ಇಳಿದು, ಬೆವರಿ, ಕೈ ನಡುಗಿದಾಗ, ಮಂಗಳಾರತಿಯ ನಡುವಿದ್ದರೂ ತಕ್ಷಣ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕು, ಅದರಿಂದ ವ್ರತಭಂಗವಿಲ್ಲ. ದಿನವೂ ಒಂದು ಎಳೆ ಬಿಟ್ಟು, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಬಾಗಿದ್ದು ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಎಳೆ ನೆಟ್ಟಗೇ ಇದ್ದರೂ ವರ್ಷದ ಪರೀಕ್ಷೆ ತಪ್ಪಿಸಬಾರದು, ಎಳೆಗೆ ಕಾಣದ್ದು ವೈದ್ಯರಿಗೆ ಕಾಣುತ್ತದೆ.

“ಇಷ್ಟೆಲ್ಲಾ ಮಾಡಿದರೂ ನಿನ್ನ ಸಕ್ಕರೆ ಒಂದೊಂದು ದಿನ ಏರುತ್ತೆ” ಎಂದಳು ಮುದುಕಿ. “ಅದು ನಿನ್ನ ಪಾಪವಲ್ಲ, ಅದರ ಬುದ್ಧಿಯೇ ಹಾಗೆ. ಬೈಕೊಂಡು ಕೂತಿರಬೇಡ. ಮಾರನೇ ದಿನ ಮತ್ತೆ ಚುಚ್ಚು.”

“ಇದನ್ನ ಮೊದಲೇ ಹೇಳಬಾರದಿತ್ತೇ ತಾಯಿ?”

ಮುದುಕಿಯು ಸೊಂಟದ ಮೇಲೆ ಕೈಯಿಟ್ಟುಕೊಂಡು, “ನಿನ್ನ ಸೊಸೆಯ ಬಾಯಲ್ಲಿ ಇನ್ನೆಷ್ಟು ಸಲ ಹೇಳಲೇ! ಹೇಳಿದಾಗಲೆಲ್ಲಾ ಸೆರಗು ಸಿಕ್ಕಿಸ್ಕೋ ಅಂತ ಕಳಿಸ್ತೀಯ. ನನಗೂ ಸೆರಗು ಸಿಕ್ಕಿಸಿ ಸಿಕ್ಕಿಸಿ ಸಾಕಾಯ್ತು” ಎಂದಳು.

ಕುಂಕುಮದ ಬಟ್ಟಲನ್ನು ತರಲು ಭಾಗೀರಥಮ್ಮನು ಒಳಗೆ ಹೋಗಿ ಬರುವಷ್ಟರಲ್ಲಿ ಮಣೆ ಬರಿದಾಗಿತ್ತು. ಹೊಸಿಲಾಚೆ ಹೂ ಕಟ್ಟುತ್ತಿದ್ದ ಮಂಜರಿಯನ್ನು ಕೇಳಿದರೆ, ಯಾರೂ ಬರಲೂ ಇಲ್ಲ, ಹೋಗಲೂ ಇಲ್ಲ ಎಂದಳು. ಮಂಟಪದಲ್ಲಿ ನೋಡಿದರೆ ಗೌರಿಯ ಕೈ ಖಾಲಿ, ಅರಿಶಿನದ ದಾರವು ಎಳೆಯ ಮೇಲೆ ನೆಟ್ಟಗೆ ಮಲಗಿತ್ತು. ಬಂದವಳು ಸಾಕ್ಷಾತ್ ಗೌರಿಯೇ, ಎಳೆಯನ್ನು ನೆಟ್ಟಗೆ ತೋರಲು ಬಂದ ಎಳೆಗೌರಿಯೆಂದು ತಿಳಿದು ಭಾಗೀರಥಮ್ಮನು ಅಡ್ಡಬಿದ್ದು, ಎದ್ದವಳೇ ಬಾಗಿಲಾಚೆಗೆ ಬೆರಳು ಚಾಚಿ, “ಮಂಜರೀ, ಆ ಮೀಟರ್ ತಗೊಂಡು ಬಾರೇ. ಚುಚ್ಚು” ಎಂದಳು. ಮಂಜರಿಗೆ ಇದು ಹೇಗಾಯಿತೆಂದು ತಿಳಿಯದಿದ್ದರೂ, ಅತ್ತೆಯ ಮನಸ್ಸು ಬದಲಾಗುವ ಮುನ್ನವೇ ಚುಚ್ಚಿಬಿಟ್ಟಳು.

ಮರುದಿನ ಗಣೇಶನ ಹಬ್ಬವಾದರೂ ಬಿಡದೆ ಕಣ್ಣಾಸ್ಪತ್ರೆಗೆ ಹೋದರು. ಕಣ್ಣಿಗೆ ಔಷಧ ಬಿಟ್ಟು, ಪಾಪೆ ಹಿಗ್ಗಿಸಿ ನೋಡಿದ ವೈದ್ಯೆಯು, ಸಕ್ಕರೆಯ ದೆಸೆಯಿಂದ ಎಡಗಣ್ಣಿನ ಹಿಂಪರದೆಯಲ್ಲಿ ನೀರು ಕೂಡಿದೆಯೆಂದೂ, ಸದ್ಯ ಬಂದದ್ದು ಒಳ್ಳೆಯದಾಯಿತೆಂದೂ, ಕಣ್ಣಿಗೇ ಇಂಜೆಕ್ಷನ್ ಕೊಡಬೇಕೆಂದೂ ಹೇಳಿದಳು. ಕಣ್ಣಿಗೆ ಸೂಜಿಯೆಂದು ಕೇಳಿ ಶ್ರೀಕಂಠಯ್ಯನು ಕುಳಿತಲ್ಲಿಯೇ ಬೆವರಿದನು, ಮೊದಲು ಆತನಿಗೇ ನೀರು ಕುಡಿಸಬೇಕಾಯಿತು. ಭಾಗೀರಥಮ್ಮನಾದರೋ ಭಯಪಟ್ಟೇ ಮಲಗಿದಳು. ಕಣ್ಣನ್ನು ಮರಗಟ್ಟಿಸಿ ಕೊಟ್ಟಿದ್ದರಿಂದ ಮಲ್ಲಿಗೆಯ ಮೊಗ್ಗು ತಾಗಿದಷ್ಟೇ ಆಯಿತೆಂದು ಆಮೇಲೆ ಬೀದಿಯಲ್ಲೆಲ್ಲಾ ಹೇಳಿಕೊಂಡು ಬಂದಳು. ತಿಂಗಳು ತಿಂಗಳು ಹೋಗಿ ಹಾಗೆಯೇ ಹಾಕಿಸಿಕೊಂಡಳು. ಮನೆಯಲ್ಲಿ ಎಳೆಗೌರಿಯ ಕ್ರಮವನ್ನೇ ನಡೆಸಿದಳು. ಸಕ್ಕರೆಯು ಏರಿದ ದಿನವೂ ಇತ್ತು, ಇಳಿದ ದಿನವೂ ಇತ್ತು, ಆದರೆ ಮೊದಲಿನಂತೆ ಅಟ್ಟಕ್ಕೂ ನೆಲಕ್ಕೂ ಹಾರಾಡುವುದನ್ನು ಬಿಟ್ಟಿತು. ಎಡಗಣ್ಣಿನ ಕಲೆ ಪೂರ್ತಿ ಹೋಗಲಿಲ್ಲ. ಪೂರ್ತಿ ಹೋಯಿತೆಂದು ಹೇಳಿದರೆ ದೀಪದ ಮುಂದೆ ಸುಳ್ಳು ಹೇಳಿದಂತಾಗುತ್ತದೆ. ತೆಳ್ಳಗಾಯಿತು, ಎಳೆಯ ಬಳುಕು ಮಾತ್ರ ನಿಂತಿತು.

ಮರುವರ್ಷ ಗೌರಿ ಹಬ್ಬ ಬಂದಿತು. ಬೆಳಿಗ್ಗೆ ಬೆರಳು ಚುಚ್ಚಿ, ಉಪ್ಪಿಟ್ಟು ತಿಂದು, ಮಂಟಪದ ಮುಂದೆ ಎಳೆ ಬಿಡಲು ಕುಳಿತ ಭಾಗೀರಥಮ್ಮನನ್ನು ಅದೇ ಹೊತ್ತಿಗೆ ಯಾರೋ ಬಾಗಿಲಲ್ಲಿ ಕರೆದದ್ದರಿಂದ, ಆಕೆ ತಿರುಗಿ ನೋಡುತ್ತಲೇ ಅವಸರದಲ್ಲಿ ಎಳೆ ಮುಗಿಸಿ ಎದ್ದಳು. ಎದ್ದವಳು ಗಂಡನನ್ನು ಕರೆದು, “ರೀ, ಹೇಗಿದೆ?” ಎಂದಳು.

ಶ್ರೀಕಂಠಯ್ಯನು ಗೆರೆಯನ್ನು ನೋಡಿದನು. ಹೆಂಡತಿಯ ಮುಖವನ್ನು ನೋಡಿದನು. ಚಪ್ಪಲಿ ಎಲ್ಲಿದೆಯೆಂದು ಒಮ್ಮೆ ಬಾಗಿಲ ಕಡೆಯೂ ನೋಡಿದನು. ಆಮೇಲೆ, “ಸೊಟ್ಟಗಿದೆ ಕಣೇ. ಚೆನ್ನಾಗಿಯೇ ಸೊಟ್ಟಗಿದೆ” ಎಂದನು.

ಭಾಗೀರಥಮ್ಮನು ಅರಿಶಿನದ ದಾರವನ್ನು ತಂದು, ಒಂದು ತುದಿಯನ್ನು ಮಂಜರಿಗೆ ಕೊಟ್ಟು, ಬಿಗಿಯಾಗಿ ಎಳೆದು, ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದಳು. ದಾರ ನೆಟ್ಟಗಿತ್ತು, ಗೆರೆ ಸೊಟ್ಟಗಿತ್ತು. “ಹೌದು ರೀ, ಸೊಟ್ಟಗಿದೆ! ನನಗೂ ಕಾಣ್ತಿದೆ! ಎಷ್ಟು ಸೊಟ್ಟಗಿದೆ ನೋಡೇ ಮಂಜರೀ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಎಳೆಯನ್ನು ಒರೆಸಿ, ಪುಡಿಯ ಬಟ್ಟಲನ್ನು ಸೊಸೆಯ ಮುಂದಕ್ಕೆ ಸರಿಸಿ, “ಈಗ ನೀನು ಬಿಡು. ನೆಟ್ಟಗಿಲ್ಲದಿದ್ದರೆ ನಾನು ಹೇಳ್ತೀನಿ” ಎಂದಳು.

ಭಾಗೀರಥಮ್ಮನ ಎಳೆಯನ್ನು ನೆಟ್ಟಗೆ ತೋರಿದ ಎಳೆಗೌರಿಯು, ಈ ಕಥೆಯನ್ನು ಓದಿದವರ ಕಣ್ಣಿಗೂ, ಕೇಳಿದವರ ಕಣ್ಣಿಗೂ, ನಡುವೆ ಎದ್ದುಹೋಗಿ ಸೂಜಿ ಚುಚ್ಚಿಕೊಂಡು ಬಂದು ಅರ್ಧ ಕೇಳಿದವರ ಕಣ್ಣಿಗೂ ಅದೇ ಬೆಳಕನ್ನು ಕೊಡಲಿ. ಹೆದರಿ ಸುಳ್ಳು ಹೇಳುವವರಿಗೆ ಧೈರ್ಯವನ್ನೂ, ನಿಜ ಹೇಳುವ ಸೊಸೆಯಂದಿರಿಗೆ ಕೇಳುವ ಅತ್ತೆಯರನ್ನೂ ಕೊಡಲಿ. ಈಗ ಎಲ್ಲರೂ ಎಡಗಣ್ಣು ಮುಚ್ಚಿ ಮಂಟಪದ ಮುಂದಿನ ಎಳೆಯನ್ನು ನೋಡಿರಿ. ಬಲಗಣ್ಣು ಮುಚ್ಚಿ ಮತ್ತೊಮ್ಮೆ ನೋಡಿರಿ. ಯಾರಿಗಾದರೂ ಬಾಗಿದಂತೆ ಕಂಡರೆ ಸುಮ್ಮನಿರಬೇಡಿರಿ, ಈಗಲೇ ಹೇಳಿರಿ. ಎರಡು ಕಣ್ಣಿಗೂ ನೆಟ್ಟಗೆ ಕಂಡವರು ಅಕ್ಷತೆಯನ್ನು ಗೌರಿಯ ಪಾದಕ್ಕೆ ಹಾಕಿ, ಕೋಸಂಬರಿಗೆ ಕೈಯೊಡ್ಡಿರಿ.