ಇಬ್ಬರನ್ನು ಮುಚ್ಚುವ ಬಟ್ಟೆ

"ಶಹಜಾದಿ ಗುಲ್‌ರುಖ್ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನ ಜೊತೆ ನಿಕಾಹ್, ತಪ್ಪಿದವನಿಗೆ ಕತ್ತಿ. ದರ್ಬಾರಿನ ಕೆಂಪು ಜಮಖಾನದ ಮೇಲೆ ಕಾಲಿಟ್ಟವನು ಉತ್ತರ ಹೇಳದೆ ಇಳಿಯುವಂತಿಲ್ಲ."

ನೀಲಗಢದಲ್ಲಿ ಹೀಗೆ ಡಂಗುರ ಸಾರಿದಾಗ ನೀರು ಹೊರುವ ಮೌಲಾಲಿ ಅಲ್ಲಿನ ಮಸೀದಿಯ ಹೌಜಿನ ತೊಟ್ಟಿಗೆ ನೀರು ತುಂಬುತ್ತಿದ್ದ. ನೀರಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.

ಮರುದಿನ ಅವನು ಚರ್ಮದ ಚೀಲದಲ್ಲಿ ಅರಮನೆಗೆ ನೀರು ಒಯ್ದ. ಜಮಖಾನದ ಮೇಲೆ ಇಬ್ಬರು ಶ್ರೀಮಂತರು ಕೈಕಟ್ಟಿಸಿಕೊಂಡು ನಿಂತಿದ್ದರು. ಉಪವಾಸವಿದ್ದವನೂ ತಿನ್ನುವ ಮಾಂಸ ಯಾವುದೆಂದು ಕೇಳಿದ್ದಕ್ಕೆ ಒಬ್ಬ ಮೀನು ಎಂದಿದ್ದ, ಇನ್ನೊಬ್ಬ ಕನಸಿನಲ್ಲಿ ತಿಂದದ್ದು ಎಂದಿದ್ದ. ಅವರಲ್ಲಿ ಬಾಯಾರಿದ್ದ ಒಬ್ಬನಿಗೆ ನೀರು ಕೊಡಲು ಮೌಲಾಲಿ ಮುಂದೆ ಬಂದ.

"ಮೂರನೇ ಮದುಮಗ ಬಂದ," ಎಂದ ವಜೀರ.

"ಎಲ್ಲಿ, ಹುಜೂರ್?"

"ನಿನ್ನ ಕಾಲು ಎಲ್ಲಿದೆ ನೋಡಿಕೋ. ಇನ್ನು ಒಗಟಿಗೆ ಉತ್ತರ ಹೇಳದೆ ಇಳಿಯುವಂತಿಲ್ಲ."

ನೋಡಿಕೊಂಡ. ಕೆಂಪು ಜಮಖಾನ. ನಗುವುದೋ ಓಡುವುದೋ ತಿಳಿಯಲಿಲ್ಲ. ಪರದೆಯ ಹಿಂದಿನಿಂದ ಶಹಜಾದಿ ಅದೇ ಒಗಟು ಕೇಳಿದಳು.

"ಮಾಂಸವೋ ಏನೋ ಗೊತ್ತಿಲ್ಲ," ಎಂದ ಮೌಲಾಲಿ. "ರಂಜಾನಿನ ಉಪವಾಸದಲ್ಲೂ ಹೌಜಿನ ಕಟ್ಟೆಯ ಮೇಲೆ ಕೂತು ಜನ ಊರವರ ಚಾಡಿ ಹೇಳುತ್ತಾರೆ. ಬೆನ್ನ ಹಿಂದೆ ಆಡಿಕೊಂಡರೆ ಸತ್ತ ಸಹೋದರನ ಮಾಂಸ ತಿಂದಂತೆ ಎಂದು ಮೌಲವಿಗಳು ಬೈಯುತ್ತಿರುತ್ತಾರೆ."

ಸರಿಯೋ ತಪ್ಪೋ ಅವನಿಗೆ ತಿಳಿಯುವ ಮೊದಲೇ ಶಹಜಾದಿ ಎರಡನೆಯದನ್ನು ಕೇಳಿದಳು.

"ನೀನು ನಿಂತರೆ ಗೆಲ್ಲುವ, ಕೂತರೆ ಸೋಲುವ, ನೀರು ಕಂಡರೆ ಓಡುವ ಪೈಲ್ವಾನ ಯಾರು?"

"ಪೈಲ್ವಾನರು ನನಗೆ ಗೊತ್ತಿಲ್ಲ, ಶಹಜಾದಿ. ಜಗಳವಾಡುತ್ತ ಬಂದವರು ಕಟ್ಟೆಯ ಮೇಲೆ ಕೂತು ವುಜೂ ಮಾಡಿ, ಕೈಕಾಲು ಮುಖ ತೊಳೆದು ಏಳುವಾಗ ತಣ್ಣಗಾಗಿರುತ್ತಾರೆ. ಸಿಟ್ಟೇ ಇರಬಹುದೇ?"

"ಒಬ್ಬನಿಗೆ ಹೊದಿಸಿದರೆ ಇಬ್ಬರನ್ನು ಮುಚ್ಚುವ ಬಟ್ಟೆ ಯಾವುದು?"

ಮೌಲಾಲಿ ಹೆಗಲ ಚೀಲ ಕೆಳಗಿಟ್ಟ. "ಬೇರೆಯವರ ತಪ್ಪನ್ನು ನಾವು ಮುಚ್ಚಿದರೆ ನಮ್ಮ ತಪ್ಪನ್ನು ಅಲ್ಲಾಹ್ ಮುಚ್ಚುತ್ತಾನಂತೆ. ಅದೇನಾ?"

"ಕೇಳಿದ ಮಾತು ಯಾರಾದರೂ ಹೇಳುತ್ತಾರೆ," ಎಂದ ವಜೀರ. "ನೀನು ಯಾರ ತಪ್ಪು ಮುಚ್ಚಿದ್ದೀಯ? ಹೆಸರು ಹೇಳು. ಇಲ್ಲದಿದ್ದರೆ ಕತ್ತಿ."

ರಂಜಾನಿನ ನಡುಮಧ್ಯಾಹ್ನ ಹೌಜಿನ ಹಿಂದೆ ಅಡಗಿ ನೀರು ಕುಡಿದವರೊಬ್ಬರನ್ನು ಮೌಲಾಲಿ ಕಂಡಿದ್ದ. ಅವರು ಈ ಸಭೆಯಲ್ಲೇ ಇದ್ದರು. ಹೆಸರು ಹೇಳಿದರೆ ಪ್ರಾಣ ಉಳಿಯುತ್ತದೆ. ಆದರೆ ಹೇಳಿದ ಮೇಲೆ ಉತ್ತರ ಸರಿಯಾಗಿ ಉಳಿಯುತ್ತದೆಯೇ?

"ಹೇಳಿದರೆ ಬಟ್ಟೆ ಜಾರಿಹೋಗುತ್ತೆ, ಹುಜೂರ್," ಎಂದು ಕತ್ತು ಬಗ್ಗಿಸಿದ.

"ಕತ್ತಿ ಒಳಗಿಡಿ," ಎಂದಳು ಶಹಜಾದಿ. "ಹೆಸರು ಹೇಳಿದ್ದರೆ ಸೋಲುತ್ತಿದ್ದ. ಮೂರೂ ಸರಿ."

ಶಹಜಾದಿಯಿಂದ ಮೊದಲ ಕಾಣಿಕೆಯಾಗಿ ಆ ಇಬ್ಬರು ಶ್ರೀಮಂತರ ಪ್ರಾಣ ಕೇಳಿ ಮೌಲಾಲಿ ಅವರ ಹಗ್ಗ ಬಿಚ್ಚಿಸಿದ. ಆಮೇಲೆ ನಿಕಾಹ್ ಆಯಿತು. ಅವನು ಯಾರ ತಪ್ಪು ಮುಚ್ಚಿದ್ದನೆಂದು ಶಹಜಾದಿ ಬದುಕಿರುವವರೆಗೂ ಕೇಳಲಿಲ್ಲ. ಕತೆ ಹೇಳಿದ ನಮಗೂ ಗೊತ್ತಿಲ್ಲ.