ಬಾಗಿಲು ಕಾಯ್ದ ದುರುಗಪ್ಪ

ಇಸವಿ ಕೇಳಬೇಡಿ, ನಮ್ಮಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ ಬಂಡೆಹಾಳ ಅನ್ನೋ ಒಂದು ಊರಿತ್ತಂತೆ. ಊರ ತುಂಬ ಕಲ್ಲುಕುಟಿಗರೇ. ಅವರ ಕಸುಬಿಗೆ ಮೂರು ಮೆಟ್ಟಿಲಂತೆ. ಕಲ್ಲು ಹೊರುವವನದು ಮೊದಲನೆಯದು, ಉಳಿ ಹಿಡಿದವನದು ಎರಡನೆಯದು, ದಾರ ಹಿಡಿದು ಗೋಡೆಗೆ ಅಳತೆ ಕೊಡುವವನದು ಮೂರನೆಯದು. ಮೂರನೆಯದಕ್ಕೆ ಏರಬೇಕಾದರೆ ಸತ್ತು ಹುಟ್ಟಬೇಕು. ಹೌದು, ಸತ್ತು ಹುಟ್ಟಬೇಕು!

ಹೇಗೆ ಅಂದರೆ, ಹೊತ್ತು ನೆತ್ತಿಗೆ ಬಂದಾಗ ಕಣ್ಣಿಗೆ ಬಟ್ಟೆ ಕಟ್ಟಿ, ಕಲ್ಲುಮನೆಯೊಳಗಿನ ಕುಣಿಯಲ್ಲಿ ಮಲಗಿಸಿ, ಮೇಲೆ ಚಪ್ಪಡಿ ಎಳೆಯುತ್ತಿದ್ದರು. ಎಲ್ಲರೂ ಹೊರಗೆ ಬಂದ ಮೇಲೆ ಗುರು ಒಬ್ಬನೇ ಒಳಗುಳಿದು ಆಣೆಯ ಮಾತೆಲ್ಲ ಹೇಳಿ, ಚಪ್ಪಡಿ ಸರಿಸಿ, ಕೈ ಹಿಡಿದೆಬ್ಬಿಸಿ, ಕಿವಿಯಲ್ಲಿ ಒಂದು ಗುಟ್ಟಿನ ಮಾತು ಹೇಳುತ್ತಿದ್ದ. ಆಮೇಲೆ ಒಳಗಿನಿಂದ ಬಾಗಿಲಿಗೆ ಮೂರು ಪೆಟ್ಟು. ಪೆಟ್ಟು ಬೀಳುವ ಮೊದಲು ಬಾಗಿಲು ತೆರೆದವನು ತನ್ನ ಸುತ್ತಿಗೆಯನ್ನು ಹೊಸ್ತಿಲ ಮೇಲಿಟ್ಟುಬಿಡಬೇಕು. ಸಾಯೋವರೆಗೂ ಮತ್ತೆ ಕಲ್ಲು ಮುಟ್ಟುವಂತಿಲ್ಲ.

ಆ ಬಾಗಿಲು ಕಾಯುತ್ತಿದ್ದವನೇ ದುರುಗಪ್ಪ. ಇಪ್ಪತ್ತು ವರ್ಷ ಬೇರೆಯವರು ಏರೋದನ್ನೇ ಕಾಯ್ದವನು. ಬರೋ ಹುಣ್ಣಿಮೆಗೆ ನಿನ್ನದೇ ಸರದಿ ಅಂತ ಗುರು ಮೋನಪ್ಪ ಮಾತು ಕೊಟ್ಟಿದ್ದನಂತೆ. ದುರುಗಪ್ಪನ ಹೆಂಡತಿ ಆಗಲೇ ಹೊಸ ಧೋತರ ಮಡಚಿಟ್ಟಿದ್ದಳಂತೆ. ಹಿಂದಿನ ವರ್ಷದ ಬೇನೆಗೆ ಏರಿದವರೆಲ್ಲ ಹೋಗಿ, ಮೂರನೆಯ ಮೆಟ್ಟಿಲಿನವರಲ್ಲಿ ಬದುಕುಳಿದವನು ಆ ಮೋನಪ್ಪ ಒಬ್ಬನೇ.

ಅವತ್ತು ಕುಣಿಗೆ ಇಳಿದವನು ಪರಸಪ್ಪ, ಎರಡು ಮಕ್ಕಳ ತಂದೆ. ಬಾಗಿಲು ಮುಚ್ಚಿತು. ಮೋನಪ್ಪನ ದನಿ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ನೆರಳು ಗೇಣುದ್ದವಾಯಿತು, ಪೆಟ್ಟಿಲ್ಲ. ಮೊಳದುದ್ದವಾಯಿತು, ಪೆಟ್ಟಿಲ್ಲ. ಅಂಗಳದಲ್ಲಿ ನಿಂತ ಉಳಿ ಹಿಡಿದ ದೊಡ್ಡಮನುಷ್ಯರು ಮೀಸೆ ತಿರುವುತ್ತ, ಕಟ್ಟಳೆ ಅಂದರೆ ಕಟ್ಟಳೆ ಅಂದರಂತೆ. ನನಗೆ ಈಗಲೂ ಸಿಟ್ಟು ಬರುತ್ತದೆ ನೋಡಿ. ಒಳಗಿದ್ದದ್ದು ಕಲ್ಲಲ್ಲ, ಜೀವ!

ಬಾಗಿಲು ತೆರೆದಾಗ ಗುರು ಇನ್ನೂ ಶಾಸ್ತ್ರ ನಡೆಸುತ್ತಿದ್ದರೆ ದುರುಗಪ್ಪನ ಇಪ್ಪತ್ತು ವರ್ಷ ಮಣ್ಣುಪಾಲು. ಇಲ್ಲದಿದ್ದರೆ ಪರಸಪ್ಪನ ಉಸಿರು ಮುಗಿಯುತ್ತಿದೆ. ಅವನು ಬಾಗಿಲಿಗೆ ಕಿವಿಯೊತ್ತಿದ. ಒಳಗೆಲ್ಲೋ ಉಗುರು ಕಲ್ಲು ಕೆರೆಯುವ ಸದ್ದು. ಅದೂ ನಿಂತಿತು. ಯಾರೂ ಹೇಳುವ ಮೊದಲೇ ಸುತ್ತಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ನುಗ್ಗಿದನಂತೆ.

ಮೋನಪ್ಪ ಚಪ್ಪಡಿಯ ಮೇಲೆಯೇ ಬೋರಲು ಬಿದ್ದು ತಣ್ಣಗಾಗಿದ್ದ. ದುರುಗಪ್ಪ ಗುರುವನ್ನು ಪಕ್ಕಕ್ಕೆ ಮಲಗಿಸಿ, ಹೆಗಲು ಕೊಟ್ಟು ಚಪ್ಪಡಿ ನೂಕಿದ. ಪರಸಪ್ಪನ ತುಟಿ ನೀಲಿಗಟ್ಟಿತ್ತು. ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, ಬದುಕಿದ್ದೀಯಾ ಅನ್ನೋ ಹಾಗೆ, "ಅದೀಯೇನೋ ತಮ್ಮಾ?" ಅಂದ. ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ಕುಣಿಯೊಳಗಿನಿಂದ, "ಅದೀನಣ್ಣಾ" ಅಂತ ಬಂತಂತೆ.

ಗುಟ್ಟಿನ ಮಾತು ಮೋನಪ್ಪನ ಜೊತೆಗೇ ಮಣ್ಣಾಯಿತು. ದುರುಗಪ್ಪ ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಮುಟ್ಟು ಅಂತ ಯಾರೂ ಅನ್ನಲೂ ಇಲ್ಲ, ಅದೇ ನನ್ನ ಹೊಟ್ಟೆ ಉರಿಸೋದು. ಕುರಿ ಕಾಯ್ದುಕೊಂಡೇ ಸತ್ತನಂತೆ.

ಇವತ್ತಿಗೂ ಆ ಊರಲ್ಲಿ ಚಪ್ಪಡಿಯ ಅಂಚಿಗೆ ಒಂದು ಉಳಿ ಕೊಟ್ಟು ಸಂದು ಬಿಡುತ್ತಾರೆ. ಎಬ್ಬಿಸುವಾಗ ಕಿವಿಯಲ್ಲಿ ಹೇಳೋ ಮಾತು ಈಗ ಗುಟ್ಟೇನೂ ಅಲ್ಲ, ಅಂಗಳದಲ್ಲಿ ನಿಂತವರಿಗೂ ಕೇಳುತ್ತದೆ: "ಅದೀಯೇನೋ ತಮ್ಮಾ?" ಹೊಸ್ತಿಲ ಮೇಲೊಂದು ಹಳೆಯ ಸುತ್ತಿಗೆ ಇದೆ. ಯಾರದು ಅಂತ ಮಕ್ಕಳು ಕೇಳಿದರೆ, ದುರುಗಪ್ಪಂದು, ಬಂದು ತಗೊಳ್ಳಲಿ ಅಂತ ಇಟ್ಟೀವಿ ಅಂತಾರೆ.