ಒಂದು ಎಳೆ ಕೆಳಗೆ

ಹಾಡು ಕಲಿಯಬೇಕೆಂದು ಫಕೀರೇಶ ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಬಂದ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಅಲ್ಲಿದ್ದ ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಸಂಗೀತ ಗೊತ್ತು ಎಂದು ಹೇಳುವವರಿದ್ದರು. ಅವರು ಹಾಡಿದ್ದನ್ನು ಕೇಳಿದವರು ಅಲ್ಲಿ ಯಾರೂ ಇರಲಿಲ್ಲ.

“ಪಾಠ ಯಾವಾಗ ಚಾಲೂ ಮಾಡ್ತೀರಿ ಅಜ್ಜಾರ?”

ಅಜ್ಜಾರು ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನೆಲದಿಂದ ಕಿಟಕಿಯ ಎತ್ತರಕ್ಕೆ ರಟ್ಟಿನ ಡಬ್ಬಿಗಳು. ಹುಬ್ಬಳ್ಳಿಯ ಭಕ್ತರೊಬ್ಬರು ತೀರಿಕೊಳ್ಳುವ ಮುಂಚೆ ತಮ್ಮ ಗ್ರಾಮಫೋನ್ ರೆಕಾರ್ಡುಗಳನ್ನೆಲ್ಲ ಆಶ್ರಮಕ್ಕೆ ಕೊಟ್ಟಿದ್ದರು. ಮುನ್ನೂರು ರೆಕಾರ್ಡು, ಜೊತೆಗೆ ಒಂದು ಹಳೆಯ ಪ್ಲೇಯರ್.

“ಪಾಠಕ್ಕ ಕೂಡೋದು ಇದೇ ಕೋಣ್ಯಾಗ. ಕೂಡಾಕ ಜಾಗಾ ಎಲ್ಲೈತಿ?”

“ಗುಜರಿಯವರಿಗೆ ಹೇಳಿದ್ರ ಸಂಜೀ ಒಳಗ ಖಾಲಿ ಮಾಡ್ತಾರ್ರಿ.”

“ಹಾಡು ತೂಕಕ್ಕ ಹಾಕ್ತೀಯೇನು? ಒಂದೊಂದೂ ಬೇಕಾದವರ ಕೈಗೇ ಹೋಗಬೇಕು. ಕೋಣಿ ಖಾಲಿ ಆದ ದಿನ ಪಾಠ.”

ಫಕೀರೇಶನಿಗೆ ಅದು ಸುಲಭವೆನಿಸಿತು. ಇಂಥ ರೆಕಾರ್ಡುಗಳನ್ನು ಕೂಡಿಡುವ ಹವ್ಯಾಸದವರು ದೇಶದ ತುಂಬ ಇದ್ದಾರೆ, ಅವರಿಗಾಗಿಯೇ ಒಂದು ವೆಬ್‌ಸೈಟಿನಲ್ಲಿ ಹರಾಜು ನಡೆಯುತ್ತದೆ ಎಂದು ಅವನು ಕೇಳಿದ್ದ. ಅಂದೇ ಫೋನಿನಲ್ಲಿ ಖಾತೆ ತೆರೆದ.

“ಒಂದ ತಿಂಗಳ ಸಾಕ್ರಿ,” ಎಂದ.

ಅಜ್ಜಾರು ಒಂದು ಡಬ್ಬಿಯನ್ನು ಅವನತ್ತ ಸರಿಸಿದರು.

ರೆಕಾರ್ಡುಗಳು ಧೂಳು ಹಿಡಿದು ಮಂಕಾಗಿದ್ದವು. ಆಶ್ರಮದ ಗುಡಿಯ ಕರಿಕಲ್ಲಿನ ಲಿಂಗಕ್ಕೆ ದಿನಾ ಬೆಳಿಗ್ಗೆ ಎಣ್ಣೆ ಸವರುವ ಕೆಲಸ ಫಕೀರೇಶನದು. ಕಪ್ಪಗಿರುವುದನ್ನು ಹೊಳೆಯಿಸಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅದೇ ಕೊಬ್ಬರಿ ಎಣ್ಣೆ, ಅದೇ ಅರಿವೆ. ಹತ್ತು ರೆಕಾರ್ಡುಗಳು ಕನ್ನಡಿಯಂತಾದವು. ಬಿಸಿಲಿಗೆ ಹಿಡಿದು ಫೋಟೊ ತೆಗೆದ. ಒಂದೊಂದರ ಕೆಳಗೂ ಬರೆದ: ‘ಹೊಸದರಂತಿದೆ.’

ಹತ್ತೂ ಹರಾಜಾದವು. ಆ ದಿನ ಲಿಂಗಕ್ಕೆ ಒಂದು ಹೂವು ಹೆಚ್ಚು ಏರಿತು.

ಎರಡು ವಾರದಲ್ಲಿ ಏಳು ವಾಪಸ್ ಬಂದವು.

“ಏನಂತ ಬರದಾರ?” ಅಜ್ಜಾರು ಕೇಳಿದರು.

ಫಕೀರೇಶ ಫೋನು ನೋಡಿ ಓದಿದ. “‘ನಾನು ಕೇಳಿದ್ದು ರೆಕಾರ್ಡು. ನೀವು ಕಳಿಸಿದ್ದು ದೋಸೆ ಹಂಚು. ಸೂಜಿ ಜಾರಿ ಅರ್ಧ ರಾಗ ದಾಟಿತು.’”

ಅಜ್ಜಾರು ನಕ್ಕರು. ಅವರು ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು.

“ಮತ್ತೊಬ್ಬರು?”

“‘ಎಣ್ಣೆ ಒರೆಸಿದೆ, ಗೀರು ಕಂಡವು.’”

“ಚಲೋ ಬರದಾರ. ಕವಿ ಇರಬೇಕು.”

ಉಳಿದ ಮೂರರಲ್ಲಿ ಒಂದು ದಾರಿಯಲ್ಲಿ ತನ್ನ ಕವರನ್ನೇ ಕೊಯ್ದುಕೊಂಡು ಹೊರಬಂದಿತ್ತು. ಇನ್ನೊಂದನ್ನು ಗೆದ್ದವನು ಆಮೇಲೆ ದುಡ್ಡೂ ಕಳಿಸಲಿಲ್ಲ, ಮಾತೂ ಆಡಲಿಲ್ಲ. ಮೂರನೆಯದನ್ನು ಕೊಂಡ ಹೋಟೆಲಿನವನು ಮಾತ್ರ ಖುಷಿಯಾಗಿದ್ದ. ರೆಕಾರ್ಡನ್ನು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿ, ಫೋಟೊ ಕಳಿಸಿದ್ದ.

ಅಜ್ಜಾರು ಆ ಫೋಟೊ ಬಹಳ ಹೊತ್ತು ನೋಡಿದರು.

“ಬೇಕಾದವರ ಕೈಗೆ ಅಂದಿದ್ದೆ,” ಎಂದರು.

ಅಂದು ಸಂಜೆ ವೆಬ್‌ಸೈಟಿನವರ ಎಚ್ಚರಿಕೆಯೂ ಬಂತು. ಇನ್ನೊಂದು ದೂರು ಬಂದರೆ ಖಾತೆ ಮುಚ್ಚುತ್ತೇವೆ.

ಫಕೀರೇಶ ಫೋನನ್ನು ಕಟ್ಟೆಯ ಮೇಲೆ ಕುಕ್ಕಿದ. “ಈ ಲಿಲಾವು, ಹರಾಜು ನಮ್ಮಂಥವರಿಗಲ್ರಿ ಅಜ್ಜಾರ. ಅಲ್ಲಿ ಕೊಳ್ಳೋರು ಮನಷ್ಯಾರಲ್ಲ, ದೆವ್ವಗಳು.”

“ಅವರು ಬರದದ್ದರಾಗ ಸುಳ್ಳು ಯಾವುದೈತಿ?”

ಫಕೀರೇಶ ಫೋನನ್ನು ಮತ್ತೆ ಕೈಗೆತ್ತಿಕೊಂಡು ಆ ಸಾಲುಗಳನ್ನು ಓದಿದ.

“ನೀ ಬರದದ್ದರಾಗ?”

“ನೋಡಾಕ ಹೊಸದರಂಗ ಇದ್ದೂವ್ರಿ.”

“ಕೇಳಾಕ?”

“ಕೇಳಿಲ್ರಿ.”

“ಹಾಡನ್ನ ಬಿಸಲಿಗೆ ಹಿಡದು ನೋಡಿದಿ,” ಎಂದರು ಅಜ್ಜಾರು.

ಮರುದಿನ ಅವರೇ ಅಂಟವಾಳದ ಕಾಯಿ ನೆನೆಹಾಕಿದರು. ಆ ನೀರಿನಲ್ಲಿ ಮೆತ್ತಗಿನ ಅರಿವೆ ಅದ್ದಿ, ನಡುವಿನ ಚೀಟಿಗೆ ಹನಿ ತಾಗದಂತೆ, ಗೆರೆಗಳ ಗುಂಟ ಒಂದು ರೆಕಾರ್ಡಿನ ಎಣ್ಣೆ ತೆಗೆದರು. ಆಮೇಲೆ ಪ್ಲೇಯರನ್ನು ಒರೆಸಿ ಅವನ ಮುಂದಿಟ್ಟರು.

“ಇನ್ನ ಮ್ಯಾಲ ಕೇಳಿದ್ದಷ್ಟ ಬರಿ. ಬರದದ್ದು ನನಗ ಓದಿ ಹೇಳು. ಆಮ್ಯಾಲ ಲಿಲಾವಿಗೆ ಹಾಕು.”

“ಎರಡೂ ಬದಿ ಕೇಳಬೇಕೇನ್ರಿ?”

“ಹಾಡಿದವರು ಎರಡೂ ಬದಿ ಹಾಡ್ಯಾರ.”

“ಇಷ್ಟೂ ರೆಕಾರ್ಡು ಕೇಳೋದ್ರಾಗ ಮಳಿಗಾಲ ಮುಗೀತೈತ್ರಿ. ಪಾಠ?”

ಅಜ್ಜಾರು ಆಗಲೇ ಹೊಳೆಯ ಕಡೆ ಹೊರಟಿದ್ದರು.

ಫಕೀರೇಶ ಮೊದಲನೆಯದನ್ನು ಕೇಳಿದ, ಬರೆದ, ಓದಿದ. “‘ಚೆನ್ನಾಗಿದೆ. ಸ್ವಲ್ಪ ಸದ್ದಿದೆ.’”

“ಎಂಥಾ ಸದ್ದು?”

“ಚರಪರ ಅಂತೈತ್ರಿ.”

“ಒಗ್ಗರಣ್ಯಾಗ ಸಾಸಿವಿ ಸಿಡದಂಗೋ, ಒಣ ಎಲಿ ತುಳದಂಗೋ?”

ಅವನು ಹೋಗಿ ಮತ್ತೆ ಕೇಳಿಕೊಂಡು ಬಂದ. “ಸಾಸಿವ್ರಿ.”

“ಎಷ್ಟು ಕಾಳು?”

ಮತ್ತೆ ಹೋದ. ಬಂದ. “ಹನ್ನೊಂದ್ರಿ.”

“ಹಾಂ. ಹಾಕು.”

ಆ ರೆಕಾರ್ಡು ಹೋಯಿತು. ವಾಪಸ್ ಬರಲಿಲ್ಲ. ಕೊಂಡವರಿಂದ ಒಂದು ಸಾಲು ಬಂತು: ‘ಹನ್ನೆರಡು. ಒಂದು ಬಿಟ್ಟಿದ್ದೀರಿ.’

ಅಂದಿನಿಂದ ಫಕೀರೇಶ ಪ್ರತಿಯೊಂದನ್ನೂ ಎರಡು ಸಲ ಕೇಳತೊಡಗಿದ.

ಮೊದಮೊದಲು ಅವನಿಗೆ ಗೀರುಗಳಷ್ಟೇ ಕೇಳುತ್ತಿದ್ದವು. ಆಮೇಲೆ ಗೀರಿನ ಹಿಂದಿನದು ಕೇಳಿತು. ಅವನು ಬರೆದ: ‘ಎರಡನೇ ಬದಿ, ಏಳನೇ ನಿಮಿಷ. ಕೆಮ್ಮು ಕೇಳುತ್ತದೆ. ಅದು ಸಭಿಕರದು, ದೋಷವೆಂದು ತಿಳಿಯಬಾರದು.’ ಇನ್ನೊಂದಕ್ಕೆ ಬರೆದ: ‘ತಬಲಾದವರು ಇಲ್ಲಿ ಕ್ಷಣ ತಡೆದಿದ್ದಾರೆ. ಗಾಯಕರು ನಕ್ಕಿರಬೇಕು, ಮುಂದಿನ ಮಾತಿನಲ್ಲಿ ನಗೆ ಇದೆ.’ ಒಂದು ಮಾಸಿದ ರೆಕಾರ್ಡಿಗೆ ಬರೆದದ್ದು ಇಷ್ಟು: ‘ಮೊದಲ ಬದಿ ಪೂರ್ತಿ ಸವೆದಿದೆ. ಯಾರೋ ಬಹಳ ಪ್ರೀತಿಸಿದ್ದಾರೆ.’ ಅದಕ್ಕೆ ಹರಾಜಿನಲ್ಲಿ ನಲವತ್ತೊಂದು ಕೂಗು ಬಿದ್ದವು.

ಡಬ್ಬಿಗಳು ಇಳಿಯತೊಡಗಿದವು. ಮೊದಲು ಕಿಟಕಿ ಕಂಡಿತು. ಆಮೇಲೆ ಗೋಡೆ. ಶ್ರಾವಣದ ಹೊತ್ತಿಗೆ ನೆಲ.

ಹರಾಜಿನ ದಿನ ಜನ ಕಾದಿರುತ್ತಿದ್ದರು. ಒಬ್ಬರು ಬರೆದರು: ‘ನನ್ನ ಹತ್ತಿರ ಪ್ಲೇಯರ್ ಇಲ್ಲ. ನೀವು ಬರೆದದ್ದನ್ನು ಓದಲು ಬರುತ್ತೇನೆ.’

ಪಾಠ ಯಾವಾಗ ಎಂದು ಕೇಳುವುದನ್ನು ಫಕೀರೇಶ ಯಾವತ್ತು ಬಿಟ್ಟನೋ, ಅವನಿಗೇ ನೆನಪಿಲ್ಲ.

ಕೊನೆಗೆ ಒಂದೇ ಒಂದು ರೆಕಾರ್ಡು ಉಳಿಯಿತು. ಕವರಿನ ಮೇಲೆ ದಪ್ಪ ಮೀಸೆಯ, ಪೇಟ ಸುತ್ತಿದ ಗಾಯಕ. ಹೆಸರು ಶಂಭುಲಿಂಗ ಹೂಲಿ. ಫಕೀರೇಶ ಆ ಹೆಸರು ಕೇಳಿದ್ದ. ನಲವತ್ತು ವರ್ಷದ ಹಿಂದೆ ದೊಡ್ಡ ಹೆಸರು. ಈ ಒಂದು ರೆಕಾರ್ಡು ಮಾಡಿ, ಆಮೇಲೆ ಎತ್ತ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಅವನು ಅದನ್ನು ಮೂರು ಸಲ ಕೇಳಿದ. ಬರೆದದ್ದನ್ನು ಹಿಡಿದು ಅಜ್ಜಾರ ಮುಂದೆ ನಿಂತ.

“‘ಗೀರಿಲ್ಲ. ಸದ್ದಿಲ್ಲ. ಎರಡನೇ ಬದಿ, ಐದನೇ ನಿಮಿಷ. ಗಾಯಕರು ಮೇಲಿನ ಷಡ್ಜಕ್ಕೆ ಏರುವಾಗ ಒಂದು ಎಳೆ ಕೆಳಗೆ ನಿಂತಿದ್ದಾರೆ. ಇದು ರೆಕಾರ್ಡಿನ ದೋಷವಲ್ಲ, ದನಿಯದು.’”

ಅಜ್ಜಾರು ಅಂಟವಾಳದ ಬೀಜ ಬಿಡಿಸುತ್ತಿದ್ದರು. ಕೈ ನಿಂತಿತು.

“ಖಾತ್ರಿ ಐತೇನು?”

“ಮೂರು ಸಲ ಕೇಳೀನ್ರಿ.”

“ಭಾರಿ ಗಾಯಕ ಅಂತಿದ್ರು.”

“ಹೌದ್ರಿ. ಆದ್ರೂ ಇಳದೈತ್ರಿ.”

ಅಜ್ಜಾರು ಹೊಳೆಯನ್ನು ನೋಡಿದರು. “ಹಂಗ ಹಾಕು,” ಎಂದರು.

ಆ ರೆಕಾರ್ಡಿಗೆ ಬಿದ್ದಷ್ಟು ಕೂಗು ಮತ್ತಾವುದಕ್ಕೂ ಬಿದ್ದಿರಲಿಲ್ಲ. ಗೆದ್ದವರು ಬೆಳಗಾವಿಯ ಕಣ್ಣಿನ ಡಾಕ್ಟರು, ಉಪಾಧ್ಯೆ. ಪಾರ್ಸೆಲ್ ಹೋದ ದಿನವೇ ಫಕೀರೇಶ ಕೋಣೆ ಗುಡಿಸಿ, ಸಾರಿಸಿ, ಎರಡು ಚಾಪೆ ಹಾಸಿದ.

“ಅವರ ಕೈ ಮುಟ್ಟಲಿ ಮೊದಲ,” ಎಂದರು ಅಜ್ಜಾರು.

ಎಂಟನೆಯ ದಿನ ಡಾಕ್ಟರು ತಾವೇ ಬಂದರು. ಕಾರಿನ ಬಾಗಿಲು ಹಾಕಲಿಲ್ಲ. ಕಂಕುಳಲ್ಲಿ ರೆಕಾರ್ಡಿತ್ತು.

“ಇಲ್ಲಿ ಫಕೀರೇಶ ಅಂದ್ರ ಯಾರು?”

“ನಾನ್ರಿ.”

“ನೀ ಬರದದ್ದು ಎಲ್ಲಾ ಓದೀನಿ. ಸಾಸಿವಿ ಎಣಸೋ ಮನಷ್ಯಾ ಇದ್ದಾನ, ಇವನ್ನ ನಂಬಬಹುದು ಅಂದುಕೊಂಡಿದ್ದೆ.” ಡಾಕ್ಟರು ರೆಕಾರ್ಡನ್ನು ಮುಂದೆ ಚಾಚಿದರು. “ಮೂವತ್ತು ವರ್ಷದಿಂದ ಇದೊಂದು ರೆಕಾರ್ಡ್ ಹುಡುಕೀನಿ. ಇದು ಡೊಂಕ ಅದ, ಅದಕ್ಕ ಸುರ ಇಳದಂಗ ಕೇಳಸ್ತದ. ಅದನ್ನ ಮುಚ್ಚಲಿಕ್ಕೆ ಹೂಲಿಯವರ ಮ್ಯಾಲ ತಪ್ಪು ಹಾಕಿದಿ. ಶಂಭುಲಿಂಗ ಹೂಲಿಯವರ ಷಡ್ಜ ಇಳೀತದಂತ! ಬರೀಲಿಕ್ಕೆ ಕೈ ಹೆಂಗ ಬಂತು?”

“ಕೇಳಿದ್ದು ಬರದೀನ್ರಿ.”

“ಆ ಸಾಲು ಅಳಿಸು. ತಪ್ಪಾತು ಅಂತ ಬರಿ. ಡೊಂಕಿದ್ರೂ ಇರ್ಲಿ, ರೆಕಾರ್ಡು ನಾ ಇಟ್ಕೋತೀನಿ. ಇಲ್ಲಾಂದ್ರ ತಗೋ ನಿನ್ನ ರೆಕಾರ್ಡು. ಇವತ್ತ ದೂರು ಕೊಡ್ತೀನಿ.”

ಫಕೀರೇಶ ಹಿಂದಿನ ಕೋಣೆಯತ್ತ ನೋಡಿದ. ಎರಡು ಚಾಪೆ. ಬರಿಯ ನೆಲ. ಫೋನು ಕೈಯಲ್ಲೇ ಇತ್ತು. ಒಂದು ಸಾಲು ಅಳಿಸಲು ಒಂದು ಬೆರಳು ಸಾಕು, ಇವತ್ತೇ ಪಾಠ.

ಅಜ್ಜಾರ ಕಡೆ ನೋಡಿದ. ಅವರು ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ರೆಕಾರ್ಡು ಇಟ್ಟು ಹೋಗ್ರಿ, ಡಾಕ್ಟರ,” ಎಂದ ಫಕೀರೇಶ. “ಸಾಲು ಅಳಸಂಗಿಲ್ರಿ.”

ಡಾಕ್ಟರು ಅವನನ್ನೇ ನೋಡಿದರು.

“ಹೋಗೋಕಿಂತ ಮೊದಲ ನಮ್ಮ ಪ್ಲೇಯರಿನಾಗ ಒಮ್ಮೆ ಕೇಳ್ರಿ.”

“ಮನ್ಯಾಗ ಹತ್ತು ಸಲ ಕೇಳೀನಿ.”

“ಮನ್ಯಾಗ ಹೂಲಿಯವರನ್ನ ಕೇಳೀರಿ. ಇಲ್ಲಿ ತಂಬೂರಿ ಕೇಳ್ರಿ.”

ಡಾಕ್ಟರು ಒಲ್ಲದ ಮನಸ್ಸಿನಿಂದ ಚಾಪೆಯ ಮೇಲೆ ಕೂತರು. ಅಜ್ಜಾರೂ ಎದ್ದು ಬಂದು ಗೋಡೆಗೆ ಒರಗಿದರು.

“ಕಣ್ಣು ಮುಚ್ಚಿ ಕೇಳ್ರಿ, ಡಾಕ್ಟರ. ನಿಮ್ಮ ಧಂದೆಕ್ಕೇನ ಲುಕ್ಸಾನ ಆಗಂಗಿಲ್ಲ,” ಎಂದರು ಅಜ್ಜಾರು.

ಫಕೀರೇಶ ಸೂಜಿ ಇಳಿಸಿದ. ದನಿ ಮೆಲ್ಲಗೆ ಮೆಟ್ಟಿಲು ಹತ್ತಿತು. ಐದನೇ ನಿಮಿಷ ಬಂತು, ಹೋಯಿತು.

“ರೆಕಾರ್ಡು ಡೊಂಕಿದ್ರ ಅದರ ಮ್ಯಾಲಿದ್ದದ್ದೆಲ್ಲ ಡೊಂಕಾಗಬೇಕ್ರಿ,” ಎಂದ ಫಕೀರೇಶ. “ತಂಬೂರಿ ಎಲ್ಲಿತ್ತೋ ಅಲ್ಲೇ ನಿಂತೈತಿ. ದನಿ ಒಂದ ಇಳದೈತಿ.”

“ಇನ್ನೊಮ್ಮೆ ಹಾಕು.”

ಇನ್ನೊಮ್ಮೆ ಹಾಕಿದ. ಡಾಕ್ಟರ ಹುಬ್ಬು ಗಂಟಾಯಿತು.

“ಇನ್ನೊಮ್ಮೆ.”

ಮೂರನೆಯ ಸಲ ಫಕೀರೇಶನಿಗೆ ಬೇರೆಯದೇನೋ ಕೇಳಿತು. ಹೂಲಿಯವರು ಪ್ರತಿ ಸಲ ಉಸಿರೆಳೆಯುವ ಮುನ್ನ ಇನ್ನೊಂದು ಉಸಿರು. ಅದು ಪ್ಲೇಯರಿನಿಂದ ಬರುತ್ತಿರಲಿಲ್ಲ. ಗೋಡೆಯ ಕಡೆಯಿಂದ ಬರುತ್ತಿತ್ತು.

ತಿರುಗಿ ನೋಡಿದ. ಅಜ್ಜಾರು ಕಣ್ಣು ಮುಚ್ಚಿದ್ದರು. ಗಂಟಲು ಸಣ್ಣಗೆ ಅಲುಗುತ್ತಿತ್ತು.

ಅವನು ಕವರನ್ನು ಕೈಗೆತ್ತಿಕೊಂಡ. ಮೀಸೆಯ ಮೇಲೆ ಬೆರಳು ಅಡ್ಡ ಹಿಡಿದು ಮುಖ ನೋಡಿದ.

ರೆಕಾರ್ಡು ಮುಗಿದರೂ ಡಾಕ್ಟರು ಕಣ್ಣು ತೆರೆಯಲಿಲ್ಲ. “ಹೌದು,” ಎಂದರು. “ಇಳದದ. ಇಷ್ಟು ಸಲ ಕೇಳೀನಿ, ಇಳದದ್ದು ದನಿ ಅಂತ ನನಗ ಕೇಳಸಲಿಲ್ಲ. ಎಷ್ಟ ಎತ್ತರಕ್ಕ ಹೊಂಟಿದ್ರು ಅಂತ ಈಗ ತಿಳೀತು ನೋಡು. ಇದನ್ನ ನಾ ಯಾರಿಗೂ ಕೊಡಂಗಿಲ್ಲ.”

ಫಕೀರೇಶ ಕವರನ್ನು ಅಜ್ಜಾರ ಮುಂದೆ ಹಿಡಿದ.

“ಅಜ್ಜಾರ, ನಿಮ್ಮ ದನಿ ಅಂತ ಗೊತ್ತಿದ್ರ ಆ ಸಾಲು ಬರೀತಿದ್ದಿಲ್ರಿ.”

“ಅದಕ್ಕ ಹೇಳಲಿಲ್ಲ.”

ಡಾಕ್ಟರು ಕಣ್ಣು ತೆರೆದರು. ಕವರು ನೋಡಿದರು, ಅಜ್ಜಾರನ್ನು ನೋಡಿದರು. ರೆಕಾರ್ಡನ್ನು ಪ್ಲೇಯರಿನಿಂದ ತೆಗೆದು ಎದೆಗವಚಿಕೊಂಡೇ ಅಜ್ಜಾರ ಕಾಲಿಗೆ ಬಾಗಿದರು.

“ರೆಕಾರ್ಡು ಜ್ವಾಕಿ. ಗೀರು ಬಿದ್ರ ಈ ಹುಡುಗ ಮತ್ತ ಎಣಸ್ಕೋತ ಕೂಡಬೇಕಾಗ್ತೈತಿ,” ಎಂದರು ಅಜ್ಜಾರು.

“ಹಾಡೋದು ಯಾಕ ಬಿಟ್ರಿ?” ಡಾಕ್ಟರ ಕಣ್ಣು ಒದ್ದೆಯಾಗಿತ್ತು.

“ಆವತ್ತು ರೆಕಾರ್ಡು ಮಾಡಾಗ ಗಾಜಿನ ಆಚೆ ಕುಂತಾವ ವಾಹ್ ಅಂದ. ರೆಕಾರ್ಡು ಬಂತು, ಊರೆಲ್ಲ ವಾಹ್ ಅಂತು. ಇಳದದ್ದು ನನಗೊಬ್ಬಗ ಕೇಳಸ್ತಿತ್ತು. ಒಬ್ಬನ ಎಷ್ಟಂತ ಕೇಳಲಿ?”

ಡಾಕ್ಟರು ಹೋದರು. ರೆಕಾರ್ಡೂ ಹೋಯಿತು. ಕೋಣೆಯಲ್ಲಿ ಎರಡು ಚಾಪೆ, ಪ್ಲೇಯರ್, ಕಿಟಕಿಯಿಂದ ಬಿದ್ದ ಬೆಳಕು, ಬೇರೇನೂ ಉಳಿದಿರಲಿಲ್ಲ.

ಫಕೀರೇಶ ಬಾಗಿಲಲ್ಲಿ ನಿಂತಿದ್ದ.

ಅಜ್ಜಾರು ಒಂದು ಚಾಪೆಯ ಮೇಲೆ ಕೂತು ಬೆನ್ನು ನೆಟ್ಟಗೆ ಮಾಡಿಕೊಂಡರು.

“ಗುಡ್ಯಾಗಿನ ತಂಬೂರಿ ತಗೊಂಡ ಬಾ,” ಎಂದರು. “ಆ ಷಡ್ಜ ನಲವತ್ತು ವರ್ಷದಿಂದ ಬಾಕಿ ಐತಿ. ನಾ ಏರತೀನಿ, ನೀ ಕೇಳು.”